ಆರು ಸಾಲಿನ ಬಾವಿ

ನಮ್ಮೂರಲ್ಲಿ ಮಾಡಿದ ಕೆಲಸ ಮಾಡಿದಷ್ಟಕ್ಕೇ ಮುಗಿಯುವುದಿಲ್ಲ. ಆಯಿತು ಅಂತ ಬಾಯಿಬಿಟ್ಟು ಹೇಳಬೇಕು, ಅದೂ ಫ್ರೆಂಚಿನಲ್ಲಿ. ಯಾಕೆ ಫ್ರೆಂಚೇ ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜ ಕೇಳಲಿಲ್ಲ, ಅವರಜ್ಜ ಕೇಳಲಿಲ್ಲ, ನಾನೂ ಕೇಳಿದವನಲ್ಲ. ಅನ್ನ ಬಸಿದವಳು ಉಣ್ಣಲು ಕೂತವರಿಗೆ ಕೇಳುವ ಹಾಗೆ "ಜೇ ಕ್ಯುಯಿ", ಬೇಯಿಸಿದ್ದೇನೆ, ಅನ್ನಬೇಕು. ಮರೆತಳೋ, ತಟ್ಟೆಯಲ್ಲಿ ಅನ್ನ ಹೋಗಿ ಅಕ್ಕಿ ಕೂತಿರುತ್ತದೆ. ಉಂಡ ಮಕ್ಕಳು "ಜೇ ಮಾಂಜೇ", ಉಂಡೆ, ಅಂದು ಏಳಬೇಕು, ಇಲ್ಲದಿದ್ದರೆ ಅರ್ಧ ಗಳಿಗೆಯಲ್ಲಿ ಮತ್ತೆ ಹಸಿವು ಅಂತ ಸೆರಗು ಜಗ್ಗುತ್ತವೆ. ಇವೆಲ್ಲ ಒಂದೇ ಕೈ ಮಾಡುವ ಕೆಲಸ, ಒಂದೇ ಸಾಲು ಸಾಕು. ಆ ಕೆಲಸ ಯಾರಿಗೆ ತಟ್ಟುತ್ತದೋ ಅವರ ಕಿವಿಗೆ ಬಿದ್ದರೆ ಆಯಿತು. ಸಾವಿಗೆ ಮಾತ್ರ ಯಾರ ಸಾಲೂ ಬೇಡ, ಅದೊಂದು ತಾನಾಗಿ ಆಗಿಹೋಗುತ್ತದೆ.

ಹತ್ತಾರು ಕೈ ಸೇರಿದ ಕೆಲಸವಾದರೆ ಆರು ಸಾಲು ಬೇಕು. ಮನೆ ಕಟ್ಟಿದರೆ, ಮದುವೆಯಾದರೆ, ಬಾವಿ ತೋಡಿದರೆ, ಅದೇ ಜಾಗದಲ್ಲಿ ನಿಂತು, ನಾನು ಮಾಡಿದೆ, ನೀನು ಮಾಡಿದೆ, ಅವನು ಮಾಡಿದ, ನಾವು ಮಾಡಿದೆವು, ನೀವು ಮಾಡಿದಿರಿ, ಅವರು ಮಾಡಿದರು ಅಂತ ಆರನ್ನೂ ಹೇಳಬೇಕು. ಕೆಲಸಕ್ಕೆ ಕೈ ಹಾಕಿದವರೇ ಹೇಳಬೇಕು, ಬಾಡಿಗೆ ಬಾಯಿ ನಡೆಯುವುದಿಲ್ಲ. 'ನಾವು' ಅನ್ನುವ ಸಾಲು ಬಂದಾಗ ಕೈ ಹಾಕಿದವರೆಲ್ಲ ಒಂದೇ ವಸ್ತುವನ್ನು ಹಿಡಿದಿರಬೇಕು. ಮದುವೆಗೆ ಸೆರಗು, ಬಾವಿಗೆ ಹಗ್ಗ. ಕೊನೆಯ ಗುದ್ದಲಿ ಪೆಟ್ಟಿನಿಂದ ಏಳನೇ ದಿನ, ಮಧ್ಯಾಹ್ನದ ಚಾವಡಿ ಗಂಟೆ ಹನ್ನೆರಡು ಪೆಟ್ಟು ಮುಗಿಸುವುದರೊಳಗೆ ಎಲ್ಲ ಆಗಬೇಕು. ತಪ್ಪಿದರೆ ಮಾಡಿದ್ದೆಲ್ಲ ಮೊದಲಿನಂತೆ. ದರ್ಜಿ ಬಸಪ್ಪಾಜಿಯ ಮದುವೆಯಲ್ಲಿ ಐದನೇ ಸಾಲಿಗೆ ಅವನಿಗೆ ಕೆಮ್ಮು ಬಂತು. ಗಂಟೆ ನಿಂತಾಗ ಹುಡುಗಿ ತವರಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಎರಡನೇ ಸಲ ಆಕೆ ಒಪ್ಪಲಿಲ್ಲ, ಬುದ್ಧಿವಂತೆ.

ಈ ಸಾಲುಗಳನ್ನು ಕಲಿಸುವವನು ನಾನು, ಅರುಳಪ್ಪ ಮೇಷ್ಟ್ರು. ನಲವತ್ತು ವರ್ಷ ಕಲಿಸಿದ್ದೇನೆ. ನನ್ನ ಹತ್ತಿರ ಕಲಿತವರ ಗೋಡೆ ಬಿದ್ದಿಲ್ಲ, ಸಂಸಾರ ಒಡೆದಿಲ್ಲ ಅನ್ನುವ ಹೆಮ್ಮೆ ನನಗಿತ್ತು. ಇತ್ತು ಅಂದೆ, ಇದೆ ಅನ್ನಲಿಲ್ಲ.

ಒಂದು ಬೆಳಿಗ್ಗೆ ಕೆಳಗೇರಿಯ ಸಣ್ಣೀರಮ್ಮ ನಮ್ಮ ಜಗಲಿಗೆ ಬಂದಳು. ಅರವತ್ತರ ಹೆಂಗಸು, ಮೊಣಕೈ ತನಕ ಕೆಮ್ಮಣ್ಣು.

"ಮೇಷ್ಟ್ರೇ, ನಂಗೆ ಆರೂ ಸಾಲು ಕಲಿಸಿ" ಅಂದಳು.

"ಯಾವ ಕೆಲಸದ್ದಮ್ಮ?"

"ತೋಡಿದ್ದು."

ವಿಷಯ ನನಗೆ ಗೊತ್ತಿತ್ತು. ಕೆಳಗೇರಿಯಲ್ಲಿ ಎಲ್ಲಿ ಅಗೆದರೂ ಉಪ್ಪು ನೀರು. ಸಿಹಿ ನೀರಿಗೆ ಅಲ್ಲಿನ ಹೆಂಗಸರು ಮೇಲುಗೇರಿಯ ಬಾವಿಗೆ ಬಂದು, ಇಲ್ಲಿನ ದನಗಳು ಕುಡಿದು ಮುಗಿಸುವ ತನಕ ಕೊಡ ಹಿಡಿದು ನಿಲ್ಲಬೇಕು. ನಾನೂ ಮೇಲುಗೇರಿಯವನೇ, ನಮ್ಮ ದನವೂ ಆ ಸಾಲಿನಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ ಸಣ್ಣೀರಮ್ಮನ ಗಂಡ ಜವರಪ್ಪ, ಕೆಳಗೇರಿಯ ಹುಣಸೇಮರದ ಬುಡದಲ್ಲಿ ಸಿಹಿ ಸೆಲೆಯಿದೆ ಅಂತ ಹಟ ಹಿಡಿದು, ಗೆಳೆಯ ಮಾಯಣ್ಣನನ್ನು ಕಟ್ಟಿಕೊಂಡು ಬಾವಿ ತೋಡಲು ಶುರುಮಾಡಿದ. ಐದಾಳು ಆಳ ಹೋಗಿತ್ತು. ಜವರಪ್ಪ ಹಗ್ಗ ಹಿಡಿದು ಇಳಿಯುತ್ತಿದ್ದಾಗ ಮೇಲೆ ನಿಂತ ಮಾಯಣ್ಣನ ಕೈಯಿಂದ ಹಗ್ಗ ಜಾರಿತು. ಜವರಪ್ಪ ಮೇಲೆ ಬಂದದ್ದು ಹೆಣವಾಗಿ. ಅರ್ಧಕ್ಕೆ ನಿಂತ ಬಾವಿ ಏಳನೇ ದಿನ ತಾನಾಗಿ ಮಣ್ಣು ತುಂಬಿ ಕೂಡಿಕೊಂಡಿತು. ಅಂದಿನಿಂದ ಸಣ್ಣೀರಮ್ಮ ಮಾಯಣ್ಣನ ಹೆಸರನ್ನು ಬಾಯಲ್ಲಿ ತಂದವಳಲ್ಲ. ಹೇಳಲೇಬೇಕಾಗಿ ಬಂದರೆ "ಆ ಎಡಚ" ಅನ್ನುತ್ತಿದ್ದಳು.

ಈಗ ಅವಳೇ ಕೇರಿಯ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಅದೇ ಜಾಗದಲ್ಲಿ ತೋಡಿದ್ದಳು. ಸಿಹಿ ನೀರು ಸಿಕ್ಕಿತ್ತು. ಅವರಿವರ ಬಾಯಿಂದ ಕೇಳಿ ಕಲಿತ ಸಾಲು ಹೇಳಿದ್ದಳು. ಬಾವಿ ಕೂಡಿಕೊಂಡಿತ್ತು. ಚಾವಡಿಯ ಕಟ್ಟಳೆ ಏನೆಂದರೆ, ಮೂರು ಸಲ ಸಾಲು ಹೇಳಿಯೂ ಕೂಡಿಕೊಂಡ ನೆಲಕ್ಕೆ ಮತ್ತೆ ಗುದ್ದಲಿ ತಾಗಿಸುವಂತಿಲ್ಲ. ಅವಳಿಗೆ ಉಳಿದದ್ದು ಎರಡು ಸಲ.

"ಹೇಳು ನೋಡೋಣ" ಅಂದೆ. ಹೇಳಿದಳು. ನಾನು ಕಿವಿ ಮುಚ್ಚಿಕೊಂಡೆ. "ಅಯ್ಯೋ ಮಾರಾಯ್ತಿ, ಬಾವಿ ಯಾಕೆ ಕೂಡಿಕೊಳ್ತು ಅಂತ ಗೊತ್ತಾಯ್ತು ಬಿಡು. ಇದನ್ನ ಕೇಳಿದ್ರೆ ನಾನೂ ಕೂಡಿಕೊಂಡುಬಿಡ್ತಿದ್ದೆ. ತೋಡಿದ್ದಕ್ಕೆ 'ಕ್ರೂಜೇ' ಅನ್ನೋವಾಗ ಬರೋ ರಕಾರ ನಾಲಿಗೇದಲ್ಲ, ಗಂಟಲಿಂದು. ಮೀನಿನ ಮುಳ್ಳು ಸಿಕ್ಕಿದಾಗ ಹೆಂಗೆ ಕ್ಯಾಕರಿಸ್ತೀಯ, ಹಂಗೆ."

"ಅಷ್ಟು ಕಷ್ಟಪಟ್ಟು ಕ್ಯಾಕರಿಸಿ, ಉಗೀದೆ ನುಂಗೋದಾ ಮೇಷ್ಟ್ರೇ?"

"ಹೂಂ, ನುಂಗು."

ಎರಡು ತಿಂಗಳು ಕಲಿತಳು. ನಾನು ಕಂಡ ಶಿಷ್ಯರಲ್ಲಿ ಅಂಥ ಗಟ್ಟಿ ಹೆಂಗಸು ಇನ್ನೊಬ್ಬಳಿಲ್ಲ. ಬೆಳಿಗ್ಗೆ ಪಾಠ, ಆಮೇಲೆ ಬಾವಿ. ಒಂದು ಮಂಕರಿ ಮಣ್ಣು ಎತ್ತಿದರೆ ಒಂದು ಸಾಲು, ಆರು ಮಂಕರಿಗೆ ಒಂದು ಸುತ್ತು. ಜೇ ಕ್ರೂಜೇ, ತ್ಯು ಆ ಕ್ರೂಜೇ, ಇಲ್ ಆ ಕ್ರೂಜೇ, ನೂಜಾವೋಂ ಕ್ರೂಜೇ, ವೂಜಾವೇ ಕ್ರೂಜೇ, ಇಲ್‌ಜೋಂ ಕ್ರೂಜೇ. ರಾಗಿ ಬೀಸುವಾಗ ಅದೇ, ಸೌದೆ ಒಡೆಯುವಾಗ ಅದೇ. ಅವಳ ಜತೆ ಅಗೆಯುತ್ತಿದ್ದ ಲಿಂಗಾಜಮ್ಮ ಒಂದು ದಿನ ನನ್ನನ್ನು ಸಂತೆಯಲ್ಲಿ ಹಿಡಿದು ನಿಲ್ಲಿಸಿ, "ಏನು ಮೇಷ್ಟ್ರೇ ನಿಮ್ಮ ಪಾಠ, ನಮ್ಮನೆ ಹುಂಜ ಕೂಡ ಈಗ ನೂಜಾವೋಂ ಅಂತ ಕೂಗ್ತದೆ" ಅಂದಳು.

ಒಂದು ಸಲ ಪಾಠದ ನಡುವೆ ಸಣ್ಣೀರಮ್ಮ ಕೇಳಿದಳು, "ಬಿದ್ದ ಅನ್ನೋದು ಹೆಂಗೆ?"

"ಇಲೇ ತೋಂಬೇ" ಅಂದೆ. ಕೇಳಿದವರಿಗೆ ಕೇಳಿದಷ್ಟೇ ಹೇಳಿ ಸುಮ್ಮನಾಗುವ ಜಾಯಮಾನ ನನ್ನದಲ್ಲ. "ನೋಡಮ್ಮ, ಆಗಿಹೋದದ್ದು ಈ ಭಾಷೇಲಿ ಒಂಟಿಯಾಗಿ ನಿಲ್ಲಲ್ಲ, ಒಂದು ಊರುಗೋಲು ಹಿಡೀತದೆ. ಊರುಗೋಲು ಎರಡೇ. ತೋಡಿದ್ದಕ್ಕೆ, ಬೇಯಿಸಿದ್ದಕ್ಕೆ, ಉಂಡಿದ್ದಕ್ಕೆ 'ನನ್ನ ಹತ್ರ ಇದೆ' ಅನ್ನೋ ಕೋಲು. ಹೋದದ್ದಕ್ಕೆ, ಬಂದದ್ದಕ್ಕೆ, ಬಿದ್ದದ್ದಕ್ಕೆ ಬರೀ 'ಇದ್ದೀನಿ' ಅನ್ನೋ ಕೋಲು. ತೋಡಿದವನ ಹತ್ರ ಏನೋ ಉಳಿದಿರ್ತದೆ, ಬಿದ್ದವನ ಹತ್ರ ಏನೂ ಇರಲ್ಲ, ಹಂಗೆ ಅಂದ್ಕೋ."

ಅವಳು ಮೊಣಕೈಯ ಕೆಮ್ಮಣ್ಣು ಕೆರೆದಳು. "ಬಿಟ್ಟೆ ಅನ್ನೋದಕ್ಕೆ? ಕೈಲಿದ್ದದ್ದನ್ನ ಬಿಟ್ಟೆ ಅಂತ?"

"ಜೇ ಲಾಶೇ. ಅದಕ್ಕೂ ತೋಡಿದ್ದರ ಕೋಲೇ."

"ಬಿಟ್ಟವನ ಹತ್ರಾನೂ ಏನೋ ಉಳಿದಿರ್ತದೆ ಅನ್ನಿ" ಅಂದು ಎದ್ದು ಹೋದಳು. ನಾನು ಹೆಚ್ಚು ಯೋಚಿಸಲಿಲ್ಲ. ಶಿಷ್ಯರು ಪ್ರಶ್ನೆ ಕೇಳಿದರೆ ನನಗೆ ನನ್ನ ಉತ್ತರವೇ ರುಚಿ.

ಎರಡನೇ ಸಲದ ಏಳನೇ ದಿನ ನಾನೇ ಕೆಳಗೇರಿಗೆ ಹೋಗಿ ಹುಣಸೇಮರದ ಕೆಳಗೆ ನಿಂತೆ. ಸಣ್ಣೀರಮ್ಮ ಒಂದು ತುದಿಗೆ, ನಾಲ್ಕು ಹೆಂಗಸರು ಸಾಲಾಗಿ, ಎಲ್ಲರ ಕೈಯಲ್ಲಿ ಬಾವಿಯ ಹಗ್ಗ. ಆರೂ ಸಾಲು ಹೇಳಿದಳು. ಏನು ಹೇಳಲಿ, ಮುತ್ತು ಪೋಣಿಸಿದ ಹಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಗಂಟೆ ಹೊಡೆಯಿತು. ಹನ್ನೆರಡನೇ ಪೆಟ್ಟಿಗೆ ಬಾವಿಯ ಒಳಗಿಂದ ಮಣ್ಣು, ಒಲೆಯ ಮೇಲಿನ ಹಾಲಿನ ಹಾಗೆ ಮೆಲ್ಲಗೆ ಉಕ್ಕಿ ಬಂದು ಬಾಯಿಮಟ್ಟಕ್ಕೆ ನಿಂತಿತು. ಲಿಂಗಾಜಮ್ಮ ನೆಲಕ್ಕೆ ಕೂತು ಬಾಯಿ ಬಡಿದುಕೊಂಡು ಅತ್ತಳು. ಸಣ್ಣೀರಮ್ಮ ಅಳಲಿಲ್ಲ. ನನ್ನ ಮುಖ ನೋಡಿದಳು.

ಈಗ ಒಪ್ಪಿಕೊಳ್ಳುತ್ತೇನೆ, ಆಗ ನಾನು ಸುಳ್ಳು ಹೇಳಿದೆ. "ಐದನೇ ಸಾಲಲ್ಲಿ ನಾಲಿಗೆ ಒಂಚೂರು ಎಡವಿತು ಕಣಮ್ಮ" ಅಂದೆ. ಎಡವಿರಲಿಲ್ಲ. ನನ್ನ ಪಾಠ ಸೋತಿತು ಅನ್ನುವುದಕ್ಕಿಂತ ಅವಳ ನಾಲಿಗೆ ಸೋತಿತು ಅನ್ನುವುದು ನನಗೆ ಸುಲಭವಾಗಿತ್ತು. ನಮ್ಮೂರಲ್ಲಿ ಏನೇ ಕೆಟ್ಟರೂ ಮೊದಲು ನಾಲಿಗೆಯ ಮೇಲೇ ಹಾಕುವುದು ರೂಢಿ. ಊರೆಲ್ಲ ನನ್ನ ಮಾತನ್ನು ನಂಬಿತು.

ಸಣ್ಣೀರಮ್ಮ ಮಾರನೇ ದಿನವೇ ಗುದ್ದಲಿ ಹಿಡಿದಳಂತೆ. ಪಾಠಕ್ಕೆ ಮಾತ್ರ ಬರಲಿಲ್ಲ. ಒಂದು ತಿಂಗಳು ಕಾದೆ, ತಡೆಯಲಾಗಲಿಲ್ಲ, ನಾನೇ ಹೋದೆ. ನೀರು ಮತ್ತೆ ಕಂಡಿತ್ತು, ಕೊನೆಯ ಪೆಟ್ಟು ಬಿದ್ದು ಐದು ದಿನ ಆಗಿತ್ತು. ಅವಳು ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು.

"ಏನಮ್ಮ, ಇನ್ನೆರಡು ದಿನ ಇದೆ, ಸಾಲು ತಿದ್ದಿಕೊಳ್ಳೋದು ಬೇಡವಾ? ಇದು ಕೊನೇ ಸಲ" ಅಂತ ರೇಗಿದೆ.

"ಬಗ್ಗಿ ನೋಡಿ ಮೇಷ್ಟ್ರೇ" ಅಂದಳು.

ಕಟ್ಟೆ ಹಿಡಿದುಕೊಂಡು ಬಗ್ಗಿದೆ. ಬಾವಿಯ ಗೋಡೆಯಲ್ಲಿ ಕಾಲಿಟ್ಟು ಇಳಿಯುವುದಕ್ಕೆ ಗೂಡು ಕೊರೆದಿದ್ದರು, ಒಂದರ ಕೆಳಗೊಂದು.

"ಈ ಗೂಡು ನಾವು ಕೊರೆದದ್ದಲ್ಲ. ಮೊದಲನೇ ಸಲ ತೋಡಿದಾಗಲೂ ಇದ್ವು, ಎರಡನೇ ಸಲಾನೂ ಇದ್ವು. ಬಾವಿ ಕೂಡಿಕೊಂಡ್ರೂ ಇವು ಗೋಡೆ ಒಳಗೆ ಹಂಗೇ ಕೂತಿರ್ತವೆ, ಒಂದೇ ಕೈಯ ಕೆಲಸ, ಕೊರೆದವನು ಅವತ್ತೇ ಸಾಲು ಹೇಳಿದಾನೆ. ಬಲಗೈನೋರು ಕೊರೆದ್ರೆ ಗೂಡು ಎಡಕ್ಕೆ ವಾಲ್ತದೆ. ಇವು ನೋಡಿ, ಅಷ್ಟೂ ಬಲಕ್ಕೆ ವಾಲವೆ. ನಾನೂ ಲಿಂಗಾಜೀನೂ ಮೂರು ಸಲದಿಂದ ಆ ಎಡಚ ಕೊರೆದ ಗೂಡಿನ ಮೇಲೇ ಕಾಲಿಟ್ಟು ಇಳೀತಿದೀವಿ. ಅವನನ್ನ ಬಿಟ್ಟು 'ನಾವು ತೋಡಿದ್ವಿ' ಅಂತೀವಿ. ನೆಲ ಒಪ್ತದಾ?"

ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. "ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಸಲಾನೇ. ಮೊದಲನೇ ಗೂಡಿಗೆ ಕಾಲಿಟ್ಟಾಗಲೇ. ನಿಮ್ಮ ಗಂಟಲ ರಕಾರ ಚೆನ್ನಾಗಿ ಕಲಿತುಬಿಟ್ರೆ ಅವನನ್ನ ಕರೆಯೋದು ತಪ್ಪಿಸ್ಕೋಬಹುದು ಅಂದ್ಕೊಂಡೆ. ಅದಕ್ಕೇ ಅಷ್ಟು ಕಲಿತೆ."

"ಐದನೇ ಸಾಲಲ್ಲಿ ನೀನು ಎಡವಿರಲಿಲ್ಲಮ್ಮ" ಅಂದೆ.

"ಅದೂ ಗೊತ್ತು. ಏಳಿ, ಬನ್ನಿ ನನ್ನ ಜತೆ. ಒಬ್ಬಳೇ ಹೋದ್ರೆ ಅವನ ಕುತ್ತಿಗೆ ಹಿಸುಕಿಬಿಡ್ತೀನೋ ಏನೋ."

ಮಾಯಣ್ಣನ ಮನೆ ಊರಾಚೆ ಇಟ್ಟಿಗೆ ಗೂಡಿನ ಪಕ್ಕ. ಅಲ್ಲಿ ಹೋಗಿ ನೋಡಿದರೆ ಇಡೀ ಮನೆಯಲ್ಲಿ ಒಂದು ಗೇಣು ಹಗ್ಗವಿಲ್ಲ. ಬಟ್ಟೆ ಬೇಲಿಯ ಮೇಲೆ ಒಣಗುತ್ತಿತ್ತು. ಮಂಚಕ್ಕೆ ಹಲಗೆ ಹೊಡೆದಿತ್ತು. ಹಸುವಿನ ಕೊರಳಲ್ಲಿ ಕಣ್ಣಿಯೂ ಇರಲಿಲ್ಲ. ಪಾಪದ ಹಸು, ಕಟ್ಟದಿದ್ದರೂ ಎಲ್ಲಿಗೂ ಹೋಗದೆ ನಿಂತಿತ್ತು. ಮಾಯಣ್ಣ ನಮ್ಮನ್ನು ಕಂಡು ಎದ್ದವನು ಹಾಗೇ ಗೋಡೆಗೆ ಒರಗಿದ. ಅರವತ್ತಕ್ಕೇ ಎಂಬತ್ತರ ಮುದುಕನಾಗಿದ್ದ.

"ಬನ್ನಿ ಅತ್ತಿಗೆ" ಅಂದ. ಇಪ್ಪತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.

ಸಣ್ಣೀರಮ್ಮ ಕೂರಲಿಲ್ಲ. "ನಾಡಿದ್ದು ಮಧ್ಯಾಹ್ನ ಬಾವಿ ಹತ್ರ ಬರಬೇಕು. ಬಂದು ಹಗ್ಗ ಹಿಡೀಬೇಕು. ನಿನ್ನ ಮೇಲಿನ ಪ್ರೀತಿಗಲ್ಲ. ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ, ಸಾಯೋತನಕ ಆರೋದೂ ಇಲ್ಲ. ನನ್ನ ಗಂಡನ ಬಾವಿ ನಿಲ್ಲಬೇಕು, ಅಷ್ಟೇ."

"ಬೇಡಿ ಅತ್ತಿಗೆ. ನನ್ನ ಕೈಗೆ ಹಗ್ಗ ಕೊಡಬೇಡಿ. ಅದೂ ಮಧ್ಯಾಹ್ನದ ಹೊತ್ತು."

ಆಗಲೇ ಚಾವಡಿ ಗಂಟೆ ಶುರುವಾಯಿತು. ಮಾಯಣ್ಣನ ಎಡಗೈ ತಾನಾಗಿ ಮುಂದೆ ಬಂತು. ಗಾಳಿಯಲ್ಲಿ ಏನನ್ನೋ ಹಿಡಿದಂತೆ ಮುಷ್ಟಿ ಬಿಗಿಯಿತು. ತೋಳಿನ ನರಗಳು ಎದ್ದವು, ಹಣೆಯಲ್ಲಿ ಬೆವರು ಇಳಿಯಿತು. ಹನ್ನೆರಡನೇ ಪೆಟ್ಟಿಗೆ ಮುಷ್ಟಿ ಫಕ್ಕನೆ ಬಿಚ್ಚಿಕೊಂಡಿತು. ಅವನು ಮುಖ ಮುಚ್ಚಿಕೊಂಡು ಕೂತ.

"ದಿನಾ ಹಿಂಗೇ. ಗಂಟೆ ಶುರುವಾದ್ರೆ ಹಗ್ಗ ವಾಪಸ್ ಕೈಗೆ ಬರ್ತದೆ, ಕೆಳಗೆ ಜವರಣ್ಣನ ಭಾರ ಇರ್ತದೆ. ದಿನಾ ಮತ್ತೆ ಬಿಡ್ತೀನಿ. ಹಗ್ಗ ಜಾರಿತು ಅಂತ ಊರಿಗೆಲ್ಲ ಹೇಳಿದೆ. ಜಾರಲಿಲ್ಲ ಅತ್ತಿಗೆ. ಅಂಗೈ ಸುಲಿದುಹೋಗಿತ್ತು, ಉರಿ ತಡೀಲಾರದೆ ನಾನೇ ಬಿಟ್ಟೆ."

ಸಣ್ಣೀರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಬಿಟ್ಟೆ ಅನ್ನೋ ಸಾಲು ಇವನಿಗೆ ಹೇಳಿಕೊಡಿ" ಅಂದಳು.

"ಬರ್ತದೆ" ಅಂದ ಮಾಯಣ್ಣ. "ಇಪ್ಪತ್ತು ವರ್ಷದಿಂದ ಗೋಡೆಗೆ ಹೇಳ್ತಿದೀನಿ. ಗೋಡೆಗೆ ಹೇಳಿದ್ರೆ ಆಗಲ್ಲ, ಬಿಟ್ಟದ್ದು ಮುಗಿಯಲ್ಲ. ಇದು ತಟ್ಟಿದ್ದು ನಿಮಗೆ, ನೀವೇ ಕೇಳಿಸ್ಕೋಬೇಕು. ಈಗ ಹೇಳಲಾ?"

"ಬೇಡ" ಅಂತ ಅವಳು ಕೈ ಅಡ್ಡ ಹಿಡಿದಳು. "ಇವತ್ತು ಕೇಳೋಕೆ ನನ್ನ ಕೈಲಾಗಲ್ಲ. ನಾಡಿದ್ದು ಬಾ." ದಾರಿಯುದ್ದಕ್ಕೂ ನಾನು ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನಡೆದೆ.

ಏಳನೇ ದಿನ ಕೆಳಗೇರಿಯೇ ಬಾವಿಯ ಸುತ್ತ ನಿಂತಿತ್ತು. ಮಾಯಣ್ಣ ಬಂದ. ಕೆಲವರು ಗೊಣಗಿದರು, ಸಣ್ಣೀರಮ್ಮ ಒಂದು ಸಲ ತಿರುಗಿ ನೋಡಿದ ಮೇಲೆ ಸುಮ್ಮನಾದರು. ಹಗ್ಗದ ಕೊನೆಯನ್ನು ಅವಳೇ ಅವನ ಎಡಗೈಗೆ ಕೊಟ್ಟಳು. ಗಂಟೆಯ ಹೊತ್ತಿಗೆ ಆ ಕೈ ಬಿಟ್ಟುಬಿಟ್ಟರೆ 'ನಾವು' ಸಾಲು ಬಿದ್ದಂತೆ. ಬಾವಿಯ ಕಥೆ ಅಲ್ಲಿಗೆ ಮುಗಿಯಿತು. ಇದು ಅವಳಿಗೂ ಗೊತ್ತು, ನನಗೂ ಗೊತ್ತು.

"ಜೇ ಕ್ರೂಜೇ" ಅಂದಳು ಎದೆ ಮುಟ್ಟಿಕೊಂಡು. "ತ್ಯು ಆ ಕ್ರೂಜೇ" ಅಂದಳು ಲಿಂಗಾಜಮ್ಮನನ್ನು ನೋಡಿ. "ಇಲ್ ಆ ಕ್ರೂಜೇ" ಅನ್ನುವಾಗ ಬಾವಿಯೊಳಗೆ ನೋಡಿದಳು. ಆ 'ಅವನು' ಯಾರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಆಮೇಲೆ ನಿಲ್ಲಿಸಿಬಿಟ್ಟಳು.

ಸಾಲಿನ ನಡುವೆ ಬೇಕೆಂದೇ ನಿಲ್ಲಿಸಿದವರನ್ನು ನಾನು ಕಂಡೇ ಇಲ್ಲ. ಗಂಟೆ ಶುರುವಾಯಿತು. ಒಂದು. ಎರಡು. ಮಾಯಣ್ಣನ ತೋಳಿನ ನರ ಎದ್ದವು. "ಹೇಳಮ್ಮ, ನೂಜಾವೋಂ ಹೇಳು!" ಅಂತ ಕೂಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಹಗ್ಗ ಹಿಡಿದುಕೊಂಡೇ ಮಾಯಣ್ಣನ ಎದುರಿಗೆ ಹೋಗಿ ನಿಂತಳು.

"ಹೇಳು. ಈಗ ಕೇಳ್ತೀನಿ."

ನಾಲ್ಕು. ಐದು. ಆರು. ಅವನ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತಿದ್ದುದು ನನಗೆ ಕಾಣುತ್ತಿತ್ತು.

"ಜೇ ಲಾಶೇ" ಅಂದ.

"ಕೇಳಿಸ್ತು" ಅಂದಳು ಸಣ್ಣೀರಮ್ಮ. ಅವಳ ಎರಡು ಕೆನ್ನೆಯ ಮೇಲೂ ನೀರು ಹರಿಯುತ್ತಿತ್ತು, ದನಿ ಮಾತ್ರ ಕಲ್ಲಿನಂತಿತ್ತು. "ನೂಜಾವೋಂ ಕ್ರೂಜೇ!" ಎಂಟು. "ವೂಜಾವೇ ಕ್ರೂಜೇ!" ಹತ್ತು. "ಇಲ್‌ಜೋಂ ಕ್ರೂಜೇ!" ಹನ್ನೊಂದು. ಅವಳ ರಕಾರಗಳೆಲ್ಲ ಆ ಹೊತ್ತಿಗೆ ಗಂಟಲು ಬಿಟ್ಟು ನಾಲಿಗೆಗೆ ಬಂದಿದ್ದವು, ಸಂತೆಯ ಫ್ರೆಂಚು. ನಾನು ಕಣ್ಣು ಮುಚ್ಚಿಕೊಂಡೆ. ಹನ್ನೆರಡನೇ ಪೆಟ್ಟು ಬಿತ್ತು.

ಕಣ್ಣು ತೆರೆದಾಗ ಎಲ್ಲರೂ ಬಾವಿಗೆ ಬಗ್ಗಿದ್ದರು. ಮಣ್ಣು ಅಲುಗಿರಲಿಲ್ಲ. ಕೆಳಗೆ, ಐದಾಳಿನ ಆಚೆ, ನೀರು ಮಿನುಗುತ್ತಿತ್ತು. ಲಿಂಗಾಜಮ್ಮ ಹೋ ಅಂತ ಕೂಗಿ, ಅಂಗಳಕ್ಕೆ ಓಡಿ ಬಿಂದಿಗೆ ತಂದು, ಅದೇ ಹಗ್ಗದ ತುದಿಗೆ ಕಟ್ಟಿ, ಮಣ್ಣೆತ್ತಲು ಹಾಕಿದ್ದ ರಾಟೆಯ ಮೇಲಿಂದ ಇಳಿಬಿಟ್ಟಳು. ಹಗ್ಗದ ಇನ್ನೊಂದು ಕೊನೆ ಇನ್ನೂ ಮಾಯಣ್ಣನ ಕೈಯಲ್ಲೇ ಇತ್ತು. ಸೇದಿದವನು ಅವನೇ. ಬಿಂದಿಗೆ ಮೇಲೆ ಬಂತು, ಹೆಂಗಸರು ಬೊಗಸೆ ಒಡ್ಡಿದರು, ಕುಡಿದರು, ಒಬ್ಬರ ಮೇಲೊಬ್ಬರು ಎರಚಿಕೊಂಡರು. ನನಗೂ ಒಂದು ಬೊಗಸೆ ಸಿಕ್ಕಿತು. ಸಿಹಿಯಾಗಿತ್ತು.

ಮಾಯಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಎಡಗೈ ಹಗ್ಗವನ್ನು ಹಿಡಿದೇ ಇತ್ತು, ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಯಾರು ಹೇಳಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಸಣ್ಣೀರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಹೋದಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಬಿಡು ಮಾಯಣ್ಣ" ಅಂದಳು. "ಬಿಂದಿಗೆ ಮೇಲೆ ಬಂತು. ಇನ್ನು ಬಿಡಬಹುದು."